ಕ್ಲೋರಿನ್ ನೋಡಬೇಕಾದದ್ದು ಕೊನೆಯ ನಲ್ಲಿಯಲ್ಲಿ

ಓವರ್‌ಹೆಡ್ ಟ್ಯಾಂಕಿನ ಬುಡದ ನಲ್ಲಿಯಲ್ಲಿ ಹಿಡಿದ ನೀರು ಸಾಮಾನ್ಯವಾಗಿ ಪಾಸಾಗಿಬಿಡುತ್ತದೆ. ಆದರೆ ಕುಮಟಾ, ಅಂಕೋಲಾ ಕಡೆಯ ಊರುಗಳಲ್ಲಿ ಮನೆಗಳು ತೋಟದ ನಡುವೆ ದೂರದೂರ ಇರುತ್ತವೆ, ಪೈಪು ಎಷ್ಟೋ ಕಡೆ ಚರಂಡಿ ದಾಟಿಯೇ ಹೋಗಬೇಕು. ನೀರು ಬಿಡುವುದು ನಿಂತಾಗ ಒತ್ತಡ ಇಳಿದು, ಸಡಿಲ ಜಾಯಿಂಟ್ ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಲೈನಿನ ತುತ್ತತುದಿಯ ಮನೆಯಲ್ಲಿ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಮೊದಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಕೇಳುವ ಕನಿಷ್ಠ ಪ್ರಮಾಣವೂ ಅದೇ.

ಉಳಿದಿಲ್ಲವೆಂದರೆ ನೀರುಗಂಟಿಯನ್ನು ಬೈಯುವ ಮೊದಲು ಬ್ಲೀಚಿಂಗ್ ಪೌಡರ್ ಚೀಲ ನೋಡಿ. ಹೊಸ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಕರಾವಳಿಯ ಜುಲೈ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಶಕ್ತಿ ಬೇಗ ಇಳಿಯುತ್ತದೆ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿ.ಗ್ರಾಂನಂತೆ ಬೇಕಾಗುವುದು 100 ಗ್ರಾಂ ಕ್ಲೋರಿನ್. 25% ಪೌಡರಾದರೆ 400 ಗ್ರಾಂ ಸಾಕು, 15%ಕ್ಕೆ ಇಳಿದಿದ್ದರೆ ಸುಮಾರು 670 ಗ್ರಾಂ ಬೇಕು. "ಒಂದು ಡಬ್ಬಿ" ಎಂಬ ಅಳತೆ ಕೈಕೊಡುವುದು ಇಲ್ಲೇ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಿರಿ. ಕೆಂಪು ರಾಡಿ ನೀರು ಬಂದ ದಿನ ಕ್ಲೋರಿನ್ನನ್ನು ರಾಡಿಯೇ ತಿಂದುಬಿಡುತ್ತದೆ. ಮೊದಲು ತಿಳಿಯಾಗಿಸದೆ ಪೌಡರ್ ಹೆಚ್ಚಿಸುವುದು ದಂಡ.

ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಓಟಿ (ಆರ್ಥೊಟಾಲಿಡಿನ್) ದ್ರಾವಣದ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಕಬ್ಬಿಣ, ಮ್ಯಾಂಗನೀಸ್ ಇರುವ ಬಾವಿ ನೀರು ಕ್ಲೋರಿನ್ ಇಲ್ಲದೆಯೂ ಹಳದಿ ತೋರಿಸೀತು. ಕ್ಲೋರಿನ್ ಹಾಕದ ಅದೇ ನೀರಿಗೆ ಒಮ್ಮೆ ದ್ರಾವಣ ಹಾಕಿ ನೋಡಿದರೆ ಗೊತ್ತಾಗುತ್ತದೆ. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಮಾಡುವ ಡಿಪಿಡಿ ಮಾತ್ರೆ ಇದಕ್ಕಿಂತ ವಾಸಿ. ಅದರಲ್ಲೂ ಒಂದು ತೊಡಕಿದೆ: ಕ್ಲೋರಿನ್ ವಿಪರೀತವಾದರೆ ಗುಲಾಬಿ ಬಣ್ಣ ಬಂದ ಕ್ಷಣವೇ ಬಿಳಿಚಿಕೊಂಡು ಸೊನ್ನೆಯಂತೆ ಕಾಣುತ್ತದೆ. ಆಗಷ್ಟೇ ಪೌಡರ್ ಹಾಕಿದ ಬಾವಿಯಲ್ಲಿ ಬಣ್ಣ ಬಾರದಿದ್ದರೆ, ಡಿಸ್ಟಿಲ್ಡ್ ನೀರು ಬೆರೆಸಿ ತೆಳುಮಾಡಿ ಮತ್ತೆ ನೋಡಿ.

ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಮಾತ್ರ ತೊಳೆಯಲೇಬಾರದು. ಒಳಗಿರುವುದು ಕ್ಲೋರಿನ್ನನ್ನು ಅಡಗಿಸುವ ಸೋಡಿಯಂ ಥಯೋಸಲ್ಫೇಟ್. ಅದಿಲ್ಲದಿದ್ದರೆ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ರೋಗಾಣು ಕೊಲ್ಲುತ್ತಲೇ ಹೋಗಿ, ಜನ ಕುಡಿದ ಕೆಟ್ಟ ನೀರು ಲ್ಯಾಬಿನಲ್ಲಿ ಒಳ್ಳೆಯದಾಗಿಬಿಡುತ್ತದೆ. ನಲ್ಲಿಗೆ ಕಟ್ಟಿದ ಬಟ್ಟೆ, ಪೈಪಿನ ತುಂಡು ಬಿಚ್ಚಿ, ಬಾಯಿಗೆ ಬೆಂಕಿ ತೋರಿಸಿ (ಪ್ಲಾಸ್ಟಿಕ್ಕಾದರೆ ಸ್ಪಿರಿಟ್ಟಿನಲ್ಲಿ ಒರೆಸಿ), 2-3 ನಿಮಿಷ ನೀರು ಹರಿಸಿ ಹಿಡಿಯಿರಿ. ಮೇಲೆ ಸ್ವಲ್ಪ ಜಾಗ ಇರಲಿ, ಇಲ್ಲದಿದ್ದರೆ ಲ್ಯಾಬಿನಲ್ಲಿ ಅಲುಗಿಸಿ ಬೆರೆಸಲಾಗದು. ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು, 24 ಗಂಟೆ ದಾಟಲೇಬಾರದು. ಜೋಯಿಡಾದ ಒಳಹಳ್ಳಿಗಳಿಂದ ಘಟ್ಟ ಇಳಿದು ಕಾರವಾರಕ್ಕೆ ಬರಬೇಕಾದರೆ ಆ ಊರುಗಳ ಮಾದರಿಯನ್ನು ಕೊನೆಗೆ ಹಿಡಿದು ಹೊರಡಿ. 100 ಮಿ.ಲೀ.ಯಲ್ಲಿ ಒಂದೂ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇರಬಾರದು. ಇಲ್ಲಿ ರಿಯಾಯಿತಿಯೇ ಇಲ್ಲ.

ಉಪ್ಪಿನ ಲೆಕ್ಕ ಬೇರೆ. ಏಪ್ರಿಲ್-ಮೇನಲ್ಲಿ ಅಘನಾಶಿನಿ, ಗಂಗಾವಳಿ ನದಿಗಳ ಅಳಿವೆಯ ನೀರನ್ನು ಇಳಿತದ ಹೊತ್ತಿಗೆ ಅಳೆದು ಸಿಹಿ ಎಂದು ಬರೆದರೆ, ಭರತದಲ್ಲಿ ಅದೇ ಜಾಗದ ನೀರು ಬಾಯಿಗಿಡಲಾಗದಂತಿರಬಹುದು. ಉಪ್ಪಿನಂಶವಾದ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಮೀರುತ್ತದೆಯೇ ಎಂದು ತಿಳಿಯಲು ಎರಡೂ ಹೊತ್ತಿನಲ್ಲಿ ಹಿಡಿದು, ಲೇಬಲ್ ಮೇಲೆ ಗಂಟೆಯ ಜೊತೆ ಭರತವೋ ಇಳಿತವೋ ಎಂಬುದನ್ನೂ ಬರೆಯಿರಿ.