ಮಕ್ಕಳಿಗೆ ದೇವರ ದನಿ ಕೇಳಿಸ್ತಾ ಇಲ್ವಂತೆ

"ಸಿಸ್ಟರ್, ಈಗಿನ ಹುಡುಗರಿಗೆ ದೇವರ ದನಿ ಕೇಳಿಸೋ ಹಾಗೆ ಏನಾದರೂ ಮಾಡಿ. ಬರೀ ಮೊಬೈಲು, ಮೊಬೈಲು."

ದಾವಣಗೆರೆಯ ನಮ್ಮ ಚರ್ಚಿನಲ್ಲಿ ಯುವಕರ ಕೂಟ ನಡೆಸುವವಳು ನಾನು. ಆರಾಧನೆ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದು ನಿಂತಿರುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಸಿಟ್ಟು ಬರೋದು "ಏನಾದರೂ ಮಾಡಿ" ಅನ್ನೋದಕ್ಕೆ. ಫ್ಯಾನ್ ರಿಪೇರಿಗೆ ಕೊಟ್ಟ ಹಾಗೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ.

ಮೊಬೈಲಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಕೂಟದಲ್ಲಿ ಫೋನುಗಳನ್ನೆಲ್ಲ ಬುಟ್ಟಿಗೆ ಹಾಕಿಸುತ್ತೇನೆ. ಬೈಬಲಿನ ಒಂದು ಕೀರ್ತನೆಯನ್ನು ನಿಧಾನಕ್ಕೆ ಎರಡು ಸಲ ಓದುತ್ತೇವೆ. ಆಮೇಲೆ ಸುಮ್ನೆ ಕೂರುತ್ತೇವೆ. ಯಾರೋ ಕಿಸಕ್ಕನೆ ನಗುತ್ತಾರೆ, ಯಾರಿಗೋ ಮಂಡಕ್ಕಿ ಮಿರ್ಚಿ ನೆನಪಾಗುತ್ತದೆ. ಆಗಲಿ ಬಿಡಿ. ಮನಸ್ಸಿಗೆ ಬಂದದ್ದನ್ನು ಬರೆದಿಡುತ್ತಾರೆ. ಅದು ಬೈಬಲಿಗೆ ಹೊಂದುತ್ತದಾ, ಅದರಿಂದ ಯಾರಿಗಾದರೂ ಒಳ್ಳೇದಾಗುತ್ತದಾ ಅಂತ ಜೊತೆಗೆ ಕೂತು ನೋಡುತ್ತೇವೆ. ಮನಸ್ಸಿಗೆ ಬಂದದ್ದೆಲ್ಲ ದೇವರ ದನಿಯಲ್ಲ. ಒಬ್ಬ ಹುಡುಗ ಅಶೋಕ ರಸ್ತೆಯ ರೈಲ್ವೆ ಗೇಟ್ ಬಿದ್ದಾಗಲೆಲ್ಲ ಪ್ರಾರ್ಥನೆ ಮಾಡುತ್ತಿದ್ದನಂತೆ. ಟೈಮಿಗೆ ಕೊರತೆಯೇ ಇರಲಿಲ್ಲ. ಇಷ್ಟೇ ನನ್ನ ವಿದ್ಯೆ.

ಅಷ್ಟಕ್ಕೂ ಗದ್ದಲ ಇವತ್ತು ಹುಟ್ಟಿದ್ದಲ್ಲ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಪ್ರಾರ್ಥನೆಗೆ ಹೋಗುತ್ತಾನೆ. ಶಿಷ್ಯ ಸೀಮೋನ ಬೆನ್ನು ಹತ್ತಿ ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ. ಆಗ ವಾಟ್ಸಾಪ್ ಇರಲಿಲ್ಲ. ಸೀಮೋನ ಇದ್ದ.

ಒಮ್ಮೆ ಒಬ್ಬ ಅಪ್ಪ ಬಂದರು. ಮಗಳು ಸೆಕೆಂಡ್ ಪಿಯುಸಿ. (ಇದನ್ನು ಬರೆಯಲು ಹುಡುಗಿ ಒಪ್ಪಿದ್ದಾಳೆ. ಅಪ್ಪನನ್ನು ಕೇಳಿಲ್ಲ.) "ದೇವರು ಇವಳ ಹತ್ರ ಮಾತಾಡಿದ್ರೆ ನೀಟ್‌ಗೆ ಸರಿಯಾಗಿ ಓದ್ತಾಳೆ ಸಿಸ್ಟರ್" ಅಂದರು. ದೇವರು ಏನು ಹೇಳಬೇಕು ಅನ್ನೋದನ್ನೂ ಅವರೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಮಧ್ಯದಲ್ಲಿ ಅವರ ಫೋನ್ ಎರಡು ಸಲ ಹೊಡೆದುಕೊಂಡಿತು. ಎರಡು ಸಲವೂ ಎತ್ತಿದರು.

ಸ್ವಲ್ಪ ದಿನದ ಮೇಲೆ ಹುಡುಗಿ ಹೇಳಿದಳು, "ಅಕ್ಕಾ, ಪ್ರಾರ್ಥನೆಗೆ ಕೂತಾಗಲೆಲ್ಲ ದೊಡ್ಡಪ್ಪನ ಮನೆಗೆ ಹೋಗು ಅಂತಲೇ ಅನ್ನಿಸ್ತಿದೆ." ಒಂದು ಸೈಟಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲೇ ಇದೆ. ನಮ್ಮ ಪರೀಕ್ಷೆಯಲ್ಲಿ ಪಾಸ್. ಹುಡುಗಿ ಮನೆಯಲ್ಲಿ ಹೇಳಿದಳು. "ಇದೆಲ್ಲಾ ಮೊಬೈಲ್ ನೋಡಿ ಕಲಿತಿದ್ದು" ಅಂದರಂತೆ ಅಪ್ಪ.

ಮಕ್ಕಳಿಗೆ ನಿಜವಾಗಿ ಕೇಳಿಸಿಬಿಟ್ಟರೆ ನಾವೇನು ಮಾಡಬೇಕು? ಇದನ್ನು ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಖುಷಿಯಿಂದ ಉತ್ತರ ಕೊಡುತ್ತಿದ್ದೆ.

ಉತ್ತರ ಇರೋದು ಬೈಬಲಿನಲ್ಲಿ, ಸಮುವೇಲನ ಮೊದಲ ಪುಸ್ತಕದ 3ನೇ ಅಧ್ಯಾಯದಲ್ಲಿ. ರಾತ್ರಿ ದೇವರು ಹುಡುಗ ಸಮುವೇಲನನ್ನು ಕರೆಯುತ್ತಾನೆ. ಅವನು ಮುದುಕ ಯಾಜಕ ಏಲಿಯೇ ಕರೆದನೆಂದು ಮೂರು ಸಲ ಎದ್ದು ಓಡುತ್ತಾನೆ. ಮೂರನೇ ಸಲ ಏಲಿಗೆ ಹೊಳೆಯುತ್ತದೆ. ಹೋಗಿ ಮಲಗು, ಮತ್ತೆ ಕರೆದರೆ "ಅಪ್ಪಣೆಯಾಗಲಿ, ನಿನ್ನ ದಾಸ ಕೇಳುತ್ತಿದ್ದಾನೆ" ಅನ್ನು ಅಂತ ಕಲಿಸುತ್ತಾನೆ. ನಾನು ನೋಡಿದ ಯೂತ್ ಕ್ಯಾಂಪುಗಳಲ್ಲೆಲ್ಲ 10ನೇ ವಚನಕ್ಕೆ ನಿಲ್ಲಿಸಿ ಹಾಡು ಶುರು ಮಾಡುತ್ತಾರೆ. ಅಧ್ಯಾಯದಲ್ಲಿ 21 ವಚನ ಇವೆ ಸ್ವಾಮಿ! ಮುಂದೆ ದೇವರು ಹೇಳೋದು ಏಲಿಯ ಮನೆತನಕ್ಕೇ ಬರುವ ಶಿಕ್ಷೆಯ ಮಾತು. ಮಕ್ಕಳು ದಾರಿ ತಪ್ಪಿದ್ದು ಗೊತ್ತಿದ್ದೂ ಅವನು ತಡೆಯಲಿಲ್ಲ. ಬೆಳಗ್ಗೆ ಹುಡುಗ ಎದ್ದು ಬಾಗಿಲು ತೆಗೆಯುತ್ತಾನೆ. ಹೇಳಲು ಹೆದರಿಕೆ. ಏಲಿಯೇ ಕರೆದು, ಏನನ್ನೂ ಮುಚ್ಚಿಡಬೇಡ ಅನ್ನುತ್ತಾನೆ. ಪೂರ್ತಿ ಕೇಳುತ್ತಾನೆ. ಗದರುವುದಿಲ್ಲ. ಆತ ಯೆಹೋವ, ದೇವರು, ಸರಿ ಕಂಡದ್ದು ಮಾಡಲಿ ಅನ್ನುತ್ತಾನೆ. ಒಳ್ಳೆಯ ಅಪ್ಪನೇನೂ ಆಗಿರಲಿಲ್ಲ ಏಲಿ. ಆದರೂ ಇಷ್ಟು ಮಾಡಿದ.

ಹುಡುಗಿಯ ಅಪ್ಪನಿಗೂ ಅಧ್ಯಾಯ ಪೂರ್ತಿ ಓದಿ ಅಂದೆ. ಮಾರನೇ ದಿನ ಫೋನ್ ಮಾಡಿದರು. "ಓದಿದೆ ಸಿಸ್ಟರ್, ಬಹಳ ಚೆನ್ನಾಗಿದೆ. ಆದ್ರೆ ಸೈಟಿನ ವಿಷಯ ಬೇರೆ."