ಫೋಟೊದೊಳಗಿನ ತಾರೀಖು, ಜಾಗ: ಎಕ್ಸಿಫ್ ಓದುವ ಬಗೆ

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮೂವರು ತೆಗೆದ ಫೋಟೊಗಳನ್ನು ಒಂದೇ ಫೋಲ್ಡರಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿ ನೋಡಿ. ದೇವಿ ಗದ್ದುಗೆಯಲ್ಲಿ ಕೂತಾದ ಮೇಲೆ ರಥ ಹೊರಟಂತೆ ಕಾಣುವುದುಂಟು. ಯಾವುದೋ ಒಂದು ಕ್ಯಾಮೆರಾದ ಗಡಿಯಾರ ಹಿಂದೆಯೋ ಮುಂದೆಯೋ ಇದೆ ಎಂದೇ ಅರ್ಥ.

ಕ್ಯಾಮೆರಾ, ಮೊಬೈಲುಗಳು ಬರೆಯುವ ಜೆಪೆಗ್ ಫೈಲಿನಲ್ಲಿ ಸಾಮಾನ್ಯವಾಗಿ ಚಿತ್ರಕ್ಕಿಂತ ಮೊದಲು ಒಂದು ಸಣ್ಣ ಭಾಗ ಇರುತ್ತದೆ. 64 ಕಿಲೋಬೈಟಿನೊಳಗಿನ ಈ ಭಾಗದಲ್ಲಿ ಕ್ಯಾಮೆರಾದ ಹೆಸರು, ಷಟರ್, ಅಪರ್ಚರ್, ಐಎಸ್‌ಒ, ಲೆನ್ಸಿನ ಫೋಕಲ್ ಲೆಂಗ್ತ್, ತಾರೀಖು, ಜಿಪಿಎಸ್ ಎಲ್ಲ ದಾಖಲಾಗುತ್ತವೆ. ಇದೇ ಎಕ್ಸಿಫ್. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಮಾನದಂಡ ಇದು. ಷಟರ್, ಐಎಸ್‌ಒಗಳನ್ನು ಕ್ಯಾಮೆರಾ ಸರಿಯಾಗಿಯೇ ಬರೆಯುತ್ತದೆ. ಎಡವಟ್ಟಾಗುವುದು ಸಮಯ ಮತ್ತು ಜಾಗದಲ್ಲಿ.

ಸಮಯ ಮೂರು ಕಡೆ ಇರುತ್ತದೆ: ತೆಗೆದದ್ದು, ಡಿಜಿಟಲ್ ಆದದ್ದು, ಕೊನೆಗೆ ತಿದ್ದಿದ್ದು. ನಂಬಬೇಕಾದದ್ದು ಮೊದಲನೆಯದನ್ನು, ಅಂದರೆ 'ಡೇಟ್‌ಟೈಮ್ ಒರಿಜಿನಲ್' ಎಂಬುದನ್ನು. ಕಂಪ್ಯೂಟರಿನ ಫೋಲ್ಡರಿನಲ್ಲಿ ಕಾಣುವ ಫೈಲ್ ತಾರೀಖು ಇದ್ಯಾವುದೂ ಅಲ್ಲ. ಕಾಪಿ ಮಾಡುವಾಗ, ತಿದ್ದುವಾಗ ಅದು ಬದಲಾಗಬಹುದು. ಇನ್ನೊಂದು ತೊಡಕೂ ಇದೆ. 2016ರ 2.31ನೇ ಆವೃತ್ತಿ ಬರುವವರೆಗೆ ಎಕ್ಸಿಫ್‌ನಲ್ಲಿ ಯಾವ ದೇಶದ ಸಮಯ ಎಂದು ಬರೆಯುವುದಕ್ಕೆ ಜಾಗವೇ ಇರಲಿಲ್ಲ. ಹಳೆಯ ಕ್ಯಾಮೆರಾದ ಗಡಿಯಾರ ಏನು ತೋರಿಸುತ್ತಿತ್ತೋ ಅಷ್ಟೇ ದಾಖಲೆ. ಜಿಪಿಎಸ್ ಸಮಯ ಮಾತ್ರ ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯದಲ್ಲಿರುತ್ತದೆ, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಹೊನ್ನಾವರದಲ್ಲಿ ಬೆಳಗಿನ ಜಾವ 3 ಗಂಟೆಗೆ ತೆಗೆದ ಯಕ್ಷಗಾನದ ಫೋಟೊದ ಜಿಪಿಎಸ್ ತಾರೀಖು ಹಿಂದಿನ ದಿನದ್ದಾಗಿರುತ್ತದೆ, ಸಮಯ 21:30. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ.

ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆಂದು ಬ್ಯಾಟರಿ ತೆಗೆದು ಕ್ಯಾಮೆರಾವನ್ನು ಡಬ್ಬಿಯಲ್ಲಿಟ್ಟವರು ಹೊರತೆಗೆದಾಗ ಮೊದಲು ಗಡಿಯಾರ ನೋಡಬೇಕು. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಖಾಲಿಯಾದರೆ ತಾರೀಖು ಮೊದಲಿನ ಸ್ಥಿತಿಗೆ ಮರಳುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ದೊಡ್ಡ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಒಂದೆರಡು ದಿನ ಒಳಗೇ ಬಿಟ್ಟರೆ ಅದು ತಾನಾಗಿ ತುಂಬಿಕೊಳ್ಳುತ್ತದೆ.

ಹಲವು ಕ್ಯಾಮೆರಾ ಬಳಸುವ ದಿನ ಒಂದು ಕೆಲಸ ತಪ್ಪದೆ ಮಾಡಿ: ಸೆಕೆಂಡು ತೋರಿಸುವ ಮೊಬೈಲ್ ಗಡಿಯಾರವನ್ನು ಪ್ರತಿ ಕ್ಯಾಮೆರಾದಿಂದಲೂ ಒಮ್ಮೆ ಕ್ಲಿಕ್ಕಿಸಿ. ಚಿತ್ರದಲ್ಲಿ 6:49:25 ಕಂಡು ಎಕ್ಸಿಫ್‌ನಲ್ಲಿ 6:42:10 ಇದ್ದರೆ ಆ ಕ್ಯಾಮೆರಾ 7 ನಿಮಿಷ 15 ಸೆಕೆಂಡು ಹಿಂದಿದೆ. ಫಿಲ್ ಹಾರ್ವಿ ಅವರ ಉಚಿತ ತಂತ್ರಾಂಶ ಎಕ್ಸಿಫ್‌ಟೂಲ್‌ನಿಂದ ಆ ಕ್ಯಾಮೆರಾದ ಎಲ್ಲ ಫೋಟೊಗಳಿಗೂ ಅಷ್ಟನ್ನು ಒಂದೇ ಸಲ ಕೂಡಿಸಬಹುದು. ತಿದ್ದುವ ಮುನ್ನ ಅದು ಹಳೆಯ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಯೂ ಇಡುತ್ತದೆ. ಎಲ್ಲ ಸರಿಯಾಗಿದೆ ಎಂದು ನೋಡಿಕೊಳ್ಳುವವರೆಗೆ ಅದನ್ನು ಅಳಿಸಬೇಡಿ.

ಫೋಟೊಗಳನ್ನು ಒಟ್ಟು ಮಾಡುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಎಕ್ಸಿಫ್ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ.

ಇನ್ನು ಜಾಗ. ಎಕ್ಸಿಫ್‌ನಲ್ಲಿ ಅಕ್ಷಾಂಶ, ರೇಖಾಂಶಗಳು ಡಿಗ್ರಿ, ಮಿನಿಟು, ಸೆಕೆಂಡುಗಳಾಗಿ ಇರುತ್ತವೆ. ಕಾರವಾರ ಪೇಟೆಯದ್ದು ಸುಮಾರು 14° 48′ 36″ ಉತ್ತರ, 74° 7′ 48″ ಪೂರ್ವ. ನಕ್ಷೆಗೆ ದಶಮಾಂಶ ಬೇಕಾದರೆ ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು: 14.81, 74.13. ಹಾಗೆ ಮಾಡದೆ ಅಂಕಿಗಳನ್ನು ಸಾಲಾಗಿ ಇಟ್ಟು 14.4836, 74.0748 ಎಂದು ಬರೆದರೆ ಕಾರವಾರದ ಫೋಟೊ ಗೋಕರ್ಣದ ನೈಋತ್ಯಕ್ಕೆ ಅರಬ್ಬಿ ಸಮುದ್ರದಲ್ಲಿ ಬೀಳುತ್ತದೆ. ಒಂದು ಸೆಕೆಂಡು ಅಂದರೆ ನೆಲದ ಮೇಲೆ ಸುಮಾರು 30 ಮೀಟರು. ದಟ್ಟ ಕಾಡಿನೊಳಗೆ ಮರಗಳ ಮರೆಯಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ಸಿಗದಿದ್ದರೆ ಮೊಬೈಲು ಹಿಂದೆ ಸಿಕ್ಕಿದ್ದ ಜಾಗವನ್ನೇ ಬರೆದುಬಿಡಬಹುದು. ಬಯಲಿನಲ್ಲಿ ನಿಂತು ನಕ್ಷೆಯಲ್ಲಿ ನೀಲಿ ಚುಕ್ಕೆ ಸರಿಯಾದ ಜಾಗಕ್ಕೆ ಬಂದಮೇಲೆ ಹೊರಡುವುದು ಒಳ್ಳೆಯದು.

ಜಾಗ ಇಷ್ಟು ನಿಖರವಾಗಿರುವುದರಿಂದಲೇ ಎಚ್ಚರವೂ ಬೇಕು. ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಊಟಕ್ಕೆ ಗಂಡನ್ನೇ ನಂಬಿರುತ್ತದೆ. ಮರದ ಬುಡದಲ್ಲಿ ಜನ ನೆರೆದರೆ ಗಂಡು ಹತ್ತಿರ ಬರಲು ಅಂಜುತ್ತದೆ. ಒಳ್ಳೆಯ ಪೊಟರೆಯನ್ನು ಮತ್ತೆ ಮತ್ತೆ ಬಳಸುವುದರಿಂದ ಒಮ್ಮೆ ಜಾಗ ಬಯಲಾದರೆ ಮುಂದಿನ ವರ್ಷಗಳಿಗೂ ಅಪಾಯ. ಇಂಥ ಫೋಟೊವನ್ನು ಜಾಗದ ಸಮೇತ ಹಂಚುವುದು ಖಂಡಿತ ತಪ್ಪು.

ಮೂಲ ಫೈಲಿನಲ್ಲಿ ಎಲ್ಲ ಇರಲಿ, ಹಂಚುವ ಪ್ರತಿಯಿಂದ ಮಾತ್ರ ತೆಗೆಯಿರಿ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ತಳದಲ್ಲಿ ಮಾಹಿತಿ ತೆಗೆಯುವ ಆಯ್ಕೆ ಇದೆ. ಅದರಲ್ಲಿ ಹೊಸ ಪ್ರತಿ ಮಾಡುವುದನ್ನೇ ಆರಿಸಿ. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲ್ಗಡೆ ಕಾಣುವ ಆಪ್ಷನ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಬಹುದು. ಪ್ರತಿಯನ್ನು ಮತ್ತೆ ತೆರೆದು ಜಿಪಿಎಸ್ ಹೋಗಿದೆಯೇ ನೋಡಿ. ಎಕ್ಸಿಫ್‌ನೊಳಗಿನ ಪುಟ್ಟ ಥಂಬ್‌ನೇಲನ್ನೂ ನೋಡಿ: ಕೆಲವು ತಂತ್ರಾಂಶಗಳು ಚಿತ್ರವನ್ನು ಕತ್ತರಿಸಿದರೂ ಕತ್ತರಿಸುವ ಮೊದಲಿನ ಥಂಬ್‌ನೇಲನ್ನು ಹಾಗೇ ಬಿಟ್ಟಿರುತ್ತವೆ. ಇಷ್ಟೆಲ್ಲ ಮಾಡಿ ಫೋಟೊದ ಕೆಳಗೆ ಊರು, ರಸ್ತೆ, ಮರದ ಗುರುತು ಬರೆದರೆ ಎಕ್ಸಿಫ್ ತೆಗೆದದ್ದು ವ್ಯರ್ಥ. ತಾಲೂಕಿನ ಹೆಸರು ಸಾಕು.