ಹಸಿವು ಕಡಿಮೆ ಮಾಡುವ ಗಿಡಮೂಲಿಕೆ ಮಾತ್ರೆ ತಗೊಳ್ಳಬಹುದಾ?

ಹೊರದೇಶಕ್ಕೆ ಬಂದ ಮೇಲೆ ತೂಕ ಏರಿಸಿಕೊಂಡು, ಆಮೇಲೆ ಒಂದಷ್ಟು ಇಳಿಸಿದವನು ನಾನು. ಅದು ಗೊತ್ತಿರುವ ಗೆಳೆಯರು, ಅವರ ಗೆಳೆಯರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಸಿವು ಕಡಿಮೆ ಮಾಡುವ ಗಿಡಮೂಲಿಕೆ ಮಾತ್ರೆ ಸಿಗುತ್ತಲ್ಲ, ತಗೊಳ್ಳಲಾ? ಗಿಡಮೂಲಿಕೆ ತಾನೇ, ತೊಂದರೆ ಏನೂ ಇರಲ್ಲ ಅಲ್ವಾ?"

ನಾನು ತಗೊಂಡಿದ್ದೆ. ಮೊದಲು ಅದನ್ನೇ ಹೇಳುತ್ತೇನೆ.

ಇಲ್ಲಿಗೆ ಬಂದ ಎರಡು ವರ್ಷದಲ್ಲಿ 9 ಕಿಲೋ ಏರಿತ್ತು. ಡಾಕ್ಟರ ಬಳಿ ಹೋಗಿ ಹೊಟ್ಟೆ ತೋರಿಸಲು ಸಂಕೋಚ. ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿದೆ. ಮುಂದೆ ಹಸಿರು ಎಲೆಯ ಚಿತ್ರ, ಹಿಂದೆ ಸಾಲು ಸಾಲು ಗಿಡಗಳ ಹೆಸರು. ಯಾವುದು ಎಷ್ಟಿದೆ ಅಂತ ಬರೆದಿರಲಿಲ್ಲ. ಮೂರನೇ ದಿನದಿಂದ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಹಸಿವೇನೋ ಸತ್ತಿತ್ತು. ಆದರೆ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಕುರುಕಲು ಮೆಲ್ಲುವುದು ಮಾತ್ರ ನಿಲ್ಲಲಿಲ್ಲ. ಹಸಿದು ತಿನ್ನುತ್ತಿದ್ದರೆ ತಾನೇ, ಹಸಿವು ಹೋದಾಗ ತಿನ್ನುವುದೂ ನಿಲ್ಲುವುದು? ನಾನು ಎರಡು ವರ್ಷದಿಂದ ಹಸಿವಿಲ್ಲದೆಯೇ ತಿನ್ನುತ್ತಿದ್ದೆ. ಮಾತ್ರೆ ಪಾಪ, ಇಲ್ಲದ ಕಾಯಿಲೆಗೆ ಮದ್ದು ಮಾಡುತ್ತಿತ್ತು.

ಇನ್ನು ಆ ಗಿಡಗಳ ವಿಷಯ. ಎಲ್ಲಕ್ಕಿಂತ ಸ್ವಾರಸ್ಯದ್ದು ಹೂಡಿಯಾ. ಆಫ್ರಿಕಾದ ಕಲಹಾರಿಯ ಸಾನ್ ಜನ ಬೇಟೆಗೆ ಹೋದಾಗ ಹಸಿವು, ಬಾಯಾರಿಕೆ ತಡೆಯಲು ಜಗಿಯುತ್ತಿದ್ದ, ಕಳ್ಳಿಯಂತೆ ಕಾಣುವ ಗಿಡ. ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆ ಅದರ ಸಾರಕ್ಕೆ ಪೇಟೆಂಟ್ ಪಡೆಯಿತು. ಸಾನ್ ಜನರಿಗೆ ಅದರಲ್ಲಿ ಪಾಲು ಕೊಡುವ ಒಪ್ಪಂದ ಆಗಿದ್ದು 2003ರಲ್ಲಿ, ಅದೂ ಗಲಾಟೆ ಆದ ಮೇಲೆ. ಫೈಜರ್ ಕಂಪನಿ ಸ್ವಲ್ಪ ಕಾಲ ಅದರ ಹಿಂದೆ ಬಿದ್ದು ಕೈಬಿಟ್ಟಿತು. ಆಮೇಲೆ ಯೂನಿಲಿವರ್ ಹಿಡಿದುಕೊಂಡು 2008ರಲ್ಲಿ ಅದೂ ಬಿಟ್ಟಿತು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೂಕ ಜಾಸ್ತಿ ಇದ್ದ ಹೆಂಗಸರಿಗೆ 15 ದಿನ ಹೂಡಿಯಾ ಸಾರ ಕೊಟ್ಟು ನೋಡಿದರು. ಔಷಧಿಯೇ ಇಲ್ಲದ ಹುಸಿ ಮದ್ದು ಪಡೆದವರಿಗಿಂತ ಅವರು ಕಡಿಮೆಯೇನೂ ತಿನ್ನಲಿಲ್ಲ. ಏರಿದ್ದು ರಕ್ತದೊತ್ತಡ, ನಾಡಿ ಬಡಿತ. ಅಷ್ಟು ದೊಡ್ಡ ಕಂಪನಿಗಳೇ ಕೈಬಿಟ್ಟ ಗಿಡ ಇಂದಿಗೂ ಡಬ್ಬಿಗಳ ಮೇಲೆ ರಾರಾಜಿಸುತ್ತಿದೆ.

ಗಾರ್ಸಿನಿಯಾ ಅಂತ ಮಾರುವುದು ಬೇರೇನೂ ಅಲ್ಲ, ಕನ್ನಡದ ಉಪ್ಪಾಗೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಹುಸಿ ಮಾತ್ರೆಗಿಂತ ಅದು ಹೆಚ್ಚೇನೂ ತೂಕ ಇಳಿಸಲಿಲ್ಲ. ಎಫೆಡ್ರಾ ಎಂಬ ಗಿಡದ ಸಾರ ಇರುವ ಪುಡಿ, ಮಾತ್ರೆಗಳನ್ನು ಅಲ್ಲಿನ ಸರ್ಕಾರ 2004ರಲ್ಲಿ ನಿಷೇಧಿಸಿತು. ಅದೂ ಗಿಡಮೂಲಿಕೆಯೇ. ಮಧುನಾಶಿನಿ ಇನ್ನೊಂದು. ನಾಲಿಗೆಗೆ ಸಿಹಿ ಗೊತ್ತಾಗದ ಹಾಗೆ ಮಾಡುವುದು ನಿಜ. ಆದರೆ ಶುಗರ್ ಮಾತ್ರೆ ತಗೊಳ್ಳುವವರು ಅದನ್ನೂ ಸೇರಿಸಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಡಬ್ಬಿಯ ಮೇಲೆ ಬರೆಯದೇ ಇರುವುದು. ಸಿಬುಟ್ರಮೈನ್ ಎಂಬ ಔಷಧಿ ಹಸಿವು ತಗ್ಗಿಸುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು 2010ರಲ್ಲಿ ಯುರೋಪು, ಅಮೆರಿಕ ಎರಡೂ ಕಡೆ ಮಾರುಕಟ್ಟೆಯಿಂದ ಹೊರಗೆ ಹಾಕಿದರು. ಆಮೇಲೂ ಅದು ‘ಅಪ್ಪಟ ಗಿಡಮೂಲಿಕೆ’ ಮಾತ್ರೆಗಳೊಳಗೆ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಹಾಗಾಗಿ ಗಿಡಮೂಲಿಕೆ ಮಾತ್ರೆ ಜಬರದಸ್ತಾಗಿ ಕೆಲಸ ಮಾಡಿತು ಅಂತ ಯಾರಾದರೂ ಹೇಳಿದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ನನ್ನ ಡಬ್ಬಿಯಲ್ಲಿ ಏನಿತ್ತೋ ದೇವರೇ ಬಲ್ಲ.

ಎಲ್ಲವೂ ಬೋಗಸ್ ಅಲ್ಲ. ಕೊಂಜಾಕ್ ಗೆಡ್ಡೆಯಿಂದ ತೆಗೆಯುವ ಗ್ಲುಕೊಮನ್ನಾನ್ ಎಂಬ ನಾರಿಗೆ ತೂಕ ಇಳಿಸಲು ನೆರವಾಗುತ್ತದೆ ಎಂದು ಹೇಳಿಕೊಳ್ಳಲು ಯುರೋಪಿಯನ್ ಒಕ್ಕೂಟ ಒಪ್ಪಿಗೆ ಕೊಟ್ಟಿದೆ. ಷರತ್ತು ನೋಡಿ: ದಿನಕ್ಕೆ 3 ಗ್ರಾಂ, ಮೂರು ಸಲ ಊಟಕ್ಕೆ ಮುಂಚೆ, ಪ್ರತಿ ಸಲ ಒಂದೆರಡು ಲೋಟ ನೀರು, ಜತೆಗೆ ಊಟವನ್ನೂ ಕಡಿಮೆ ಮಾಡಿರಬೇಕು. ನೀರು ಸಾಲದಿದ್ದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಹೊಟ್ಟೆಯಲ್ಲಿ ಉಬ್ಬಿ ಜಾಗ ತುಂಬುವುದೇ ಅದರ ಕೆಲಸ. ತರಕಾರಿ, ಕಾಳು ತಟ್ಟೆಯಲ್ಲಿ ಹೆಚ್ಚಿದ್ದರೂ ಸುಮಾರು ಅದೇ ಕೆಲಸ ಆಗುತ್ತದೆ.

ವೈದ್ಯರು ಬರೆದುಕೊಡುವ ಹೊಸ ಇಂಜೆಕ್ಷನ್‌ಗಳ ಮಾತೇ ಬೇರೆ. 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಎಂಬ ಅಂಥ ಇಂಜೆಕ್ಷನ್ ಪಡೆದವರ ತೂಕ 68 ವಾರದಲ್ಲಿ ಸರಾಸರಿ ಶೇ 15ರಷ್ಟು ಇಳಿಯಿತು. ಬೇಕಾದವರಿಗೆ ಬೇಕು. ಔಷಧಿಯೇ ಬೇಡ ಎನ್ನುವ ವ್ರತ ನನಗಿಲ್ಲ. ಆದರೆ ಅದು ಡಾಕ್ಟರ ಎದುರು ಕೂತು ಆಡುವ ಮಾತು.

ಹಾಗಾದರೆ ತೂಕ ಏರಿದ್ದೇಕೆ? ಒಂದು ಭಾನುವಾರ ಕೂತು, ಬಂದ ಮೇಲೆ ನನ್ನ ದಿನ ಹೇಗೆ ಬದಲಾಗಿದೆ ಅಂತ ಬರೆದೆ. ನಡಿಗೆ ಹೋಗಿತ್ತು, ಅದರ ಜಾಗಕ್ಕೆ ಕಾರು ಬಂದಿತ್ತು. ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ, ಯಾಕೆಂದರೆ ಜತೆಗೆ ಉಣ್ಣುವವರು ಇರಲಿಲ್ಲ. ಪೊಟ್ಟಣ ಒಡೆದು ಬಿಸಿ ಮಾಡಿದರೆ ಊಟ ಮುಗಿಯಿತು. ಮನೆಯವರ ಜತೆ ಮಾತಾಡಲು ಅವರ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿ ಒಂದರವರೆಗೆ ಎಚ್ಚರ.

ಈ ನಿದ್ದೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2004ರಲ್ಲಿ ಷಿಕಾಗೊದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗ ಇದ್ದುದಕ್ಕಿಂತ, ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಶೇ 28ರಷ್ಟು ಏರಿತ್ತು, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನು ಶೇ 18ರಷ್ಟು ಇಳಿದಿತ್ತು. ನನ್ನ ಮಾತ್ರೆ ನಿದ್ದೆಯನ್ನೇ ಕೆಡಿಸುತ್ತಿತ್ತಲ್ಲ, ಎಂಥ ತಮಾಷೆ! ಪೊಟ್ಟಣದ ಊಟದ ಕಥೆಯೂ ಹಾಗೆಯೇ. 2019ರಲ್ಲಿ ಅಮೆರಿಕದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಅಡುಗೆ ಮಾಡಿದ ಊಟ ಕೊಟ್ಟು, ಬೇಕಾದಷ್ಟು ತಿನ್ನಿ ಅಂದರು. ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು.

ನಾನು ಮಾಡಿದ್ದು ದೊಡ್ಡದೇನಲ್ಲ. ಅಮ್ಮನಿಗೆ ಫೋನ್ ಮಾಡುವುದನ್ನು ರಾತ್ರಿಯಿಂದ ಬೆಳಗಿನ ನಡಿಗೆಗೆ ತಂದೆ. ಒಂದೇ ಏಟಿಗೆ ನಿದ್ದೆಯೂ ಬಂತು, ನಡಿಗೆಯೂ ಆಯಿತು. ಅಮ್ಮನ ಮಾತು ಅರ್ಧ ಗಂಟೆಗಿಂತ ಮುಂಚೆ ಮುಗಿದ ದಾಖಲೆ ಇಲ್ಲ! ವಾರಕ್ಕೆ 150 ನಿಮಿಷ ಚುರುಕಾಗಿ ಓಡಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗೆಯೇ ತುಂಬಿತು. ವಾರಕ್ಕೆರಡು ದಿನ ಅಡುಗೆ ಮಾಡಿ ಫ್ರಿಜ್‌ನಲ್ಲಿಟ್ಟೆ. ಕುರುಕಲನ್ನು ಮನೆಗೆ ತರುವುದು ನಿಲ್ಲಿಸಿದೆ. ಮನೆಯಲ್ಲಿದ್ದರೆ ತಿನ್ನುತ್ತೇನೆ, ಅಷ್ಟು ಗೊತ್ತು ನನ್ನ ಬಗ್ಗೆ.

14 ತಿಂಗಳಲ್ಲಿ 7 ಕಿಲೋ ಇಳಿಯಿತು. ಉಳಿದ ಎರಡು ಅಲ್ಲೇ ಇವೆ. ಇಳಿದ ಮೇಲೆ ಹಸಿವು ಮೊದಲಿಗಿಂತ ಜಾಸ್ತಿ ಆಯಿತು, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಇಳಿದ ತೂಕವನ್ನು ಮೈ ವಾಪಸ್ ಕೇಳುತ್ತದೆ. ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬರುವುದಿಲ್ಲ ಎಂದು 2011ರ ಒಂದು ಅಧ್ಯಯನ ತೋರಿಸಿದೆ. ಹಾಗಾಗಿ ತೂಕ ಮತ್ತೆ ಏರಿದವರನ್ನು ಬೈಯಬೇಡಿ, ನಿಮ್ಮನ್ನು ನೀವೂ ಬೈದುಕೊಳ್ಳಬೇಡಿ.

ಡಬ್ಬಿ ಆಗಲೇ ತರಿಸಿಯಾಗಿದೆ ಅನ್ನುವವರಿಗೆ: ತೆರೆಯುವ ಮೊದಲು ಅದನ್ನು ಹತ್ತಿರದ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ತೋರಿಸಿ, ಈಗಾಗಲೇ ತಗೊಳ್ಳುತ್ತಿರುವ ಔಷಧಿಗಳ ಹೆಸರನ್ನೂ ಹೇಳಿ. ಬಸುರಿಯರು, ಹಾಲೂಡಿಸುವವರು ಮುಟ್ಟಲೇಬೇಡಿ. ತಗೊಂಡಾಗಿದ್ದರೆ, ಎದೆ ಹೊಡೆದುಕೊಳ್ಳುವುದು, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಡಬ್ಬಿ ಜತೆಗಿರಲಿ. ನನ್ನ ಹಾಗೆ ಕಸದ ಬುಟ್ಟಿಗೆ ಹಾಕಿ ಆಮೇಲೆ ಹೆಸರು ನೆನಪಿಲ್ಲ ಅನ್ನಬೇಡಿ.